ಶರಣಮ್ಮ ತೂಗಿದ ಇಪ್ಪತ್ತು ಗುಳಿಗೆ

ಪುಣೆಯ ಧನಕವಡಿಯಲ್ಲಿರುವ ನಮ್ಮ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗ ನೀಲಿ ಬಣ್ಣದ್ದು. ನಿಜ ಹೇಳಬೇಕೆಂದರೆ ಅದು ಹಗ್ಗವಲ್ಲ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೇಬಲ್. ಲ್ಯಾಬಿನಲ್ಲಿ ಕೆಲಸ ಮುಗಿದ ಮೇಲೆ ಉಳಿದ ತುಂಡು. ಕಸಕ್ಕೆ ಹಾಕುತ್ತಿದ್ದರು, ಕೇಳಿ ತಂದು ಕಟ್ಟಿದೆ. ಎರಡು ಮಳೆಗಾಲ ಕಂಡಿದೆ. ಒದ್ದೆ ಚಾದರ ಹೇರಿದರೂ ಜೋತುಬೀಳುವುದಿಲ್ಲ. ಅಷ್ಟು ಗಟ್ಟಿ. ಆದರೆ ಬೆಳಿಗ್ಗೆ ಹಲ್ಲುಜ್ಜುತ್ತ ಅದರ ಮುಂದೆ ನಿಂತೆನೆಂದರೆ ನನ್ನ ತಲೆ ಕಾಯುತ್ತದೆ.

“ಏನ್ರಿ, ಆ ವೈರಿನ ಕೂಡ ದಿನಾ ಮುಂಜಾನೆ ಏನ್ ಜಗಳ ನಿಮ್ದು?” ಎನ್ನುತ್ತಾಳೆ ಹೆಂಡತಿ. “ಅದಕ್ಕೇನ್ ಕಿವಿ ಅದಾವೇನು?”

“ಕಿವಿ ಇಲ್ಲ. ಬಾಯಿ ಅದ. ಅದಕ್ಕ ನನಗ ಸಿಟ್ಟು.”

“ಹಂಗಾರ ಬಾಯಿಗಿ ನಾಲ್ಕ್ ಕ್ಲಿಪ್ ಹಾಕ್ರಿ. ಅಂಗಿಯಾದ್ರೂ ಹಾರಂಗಿಲ್ಲ.”

ನಗಬೇಡಿ. ಒಂದು ತಂತಿಯ ಮೇಲೆ ಮನುಷ್ಯನಿಗೆ ಹಗೆ ಹುಟ್ಟಬೇಕಾದರೆ ಏನಾದರೂ ಕಾರಣ ಇರಬೇಕಲ್ಲ? ಇದೆ. ಹೇಳುತ್ತೇನೆ. ಸಿಟ್ಟಿನಲ್ಲಿರುವವನು ನೆಟ್ಟಗೆ ನಡೆಯುವುದಿಲ್ಲ, ಅಲ್ಲಲ್ಲಿ ಅಡ್ಡದಾರಿ ಹಿಡಿದೇನು. ಸಹಿಸಿಕೊಳ್ಳಿ.

ನಾನು ಹಡಪಸರದಲ್ಲಿ ಔಷಧ ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬಿನಲ್ಲಿದ್ದೇನೆ. ಬೇರೆ ಬೇರೆ ಕಾರ್ಖಾನೆಗಳ ಗುಳಿಗೆಗಳು ನಮ್ಮಲ್ಲಿಗೆ ಬರುತ್ತವೆ. ಅವನ್ನು ತೂಗಿ, ಕರಗಿಸಿ, ಅಳೆದು, ಇರಬೇಕಾದ್ದು ಇರಬೇಕಾದಷ್ಟು ಇದೆಯೋ ಇಲ್ಲವೋ ಎಂದು ಬರೆದುಕೊಡುವುದು ನಮ್ಮ ಕಸುಬು. ನಾನು ಬಿ.ಎಸ್ಸಿ., ರಸಾಯನಶಾಸ್ತ್ರ. ಈ ಮಾತನ್ನು ಉಳಿದವರು ಗೊಣಗಿ ಮುಗಿಸುತ್ತಾರೆ, ನಾನು ಬಾಯಿ ತುಂಬ ಹೇಳುತ್ತೇನೆ. ಯಾದಗಿರಿ ಕಡೆಯಿಂದ ಬುಟ್ಟಿ, ಸಲಿಕೆ ಹೊತ್ತು ಪುಣೆಗೆ ಬಂದ ನಮ್ಮ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದವನು ನಾನೊಬ್ಬನೇ. ಪದವಿಯ ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ ತಂದ ದಿನ ಅವ್ವ ಅದನ್ನು ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದಳು. ಗಾಜು ಇತ್ತು, ಬಚಾವಾಯಿತು. ಇಲ್ಲದಿದ್ದರೆ ಕುಲಪತಿಗಳ ಸಹಿಯ ಮೇಲೆಯೇ ಕೆಂಪು ಬೊಟ್ಟು.

ಅದೇ ಅವ್ವನನ್ನು ರೇಷನ್ ಅಂಗಡಿಯ ಯಂತ್ರ ಒಂದು ಸಲ ಅವಳೇ ಅಲ್ಲ ಎಂದಿತು. ಸಿಮೆಂಟು ಕಲಸಿ ಕಲಸಿ ಅವಳ ಹೆಬ್ಬೆರಳಿನ ಗೆರೆಗಳು ಸವೆದುಹೋಗಿವೆ. ಮೂರು ಸಲ ಒತ್ತಿದಳು, ಸೆರಗಿನಿಂದ ಒರೆಸಿ ಮತ್ತೆ ಒತ್ತಿದಳು. ಅಂಗಡಿಯವನು ತಲೆ ಎತ್ತದೆ, “ಮಶೀನ್ ನಾಹೀ ಮ್ಹಣತಂಯ್, ಮಾವಶಿ,” ಎಂದ. ಯಂತ್ರ ಇಲ್ಲ ಅನ್ನುತ್ತಿದೆ.

“ನಾ ಇಲ್ಲೇ ನಿಂತೀನಲ್ಲೋ ಯಪ್ಪಾ,” ಎಂದಳು ಅವ್ವ. “ಅದು ಇಲ್ಲಂದ್ರ ನಾ ಎಲ್ಲಿ ಹೋಗ್ಲಿ?”

ಅವನಿಗೆ ಕನ್ನಡ ಬರುವುದಿಲ್ಲ. ಬಂದಿದ್ದರೂ ಕೇಳುತ್ತಿರಲಿಲ್ಲ. ಅವತ್ತು ನಾನು ಆ ಅಂಗಡಿಯ ಮುಂದೆ ಮಾಡಿದ ರಂಪಕ್ಕೆ ಅರ್ಧ ಓಣಿ ಸೇರಿತ್ತು. ಯಂತ್ರ ದೊಡ್ಡದೋ ಮನುಷ್ಯ ದೊಡ್ಡವನೋ ಎಂದು ಮರಾಠಿಯಲ್ಲಿ ಭಾಷಣವನ್ನೇ ಮಾಡಿದ್ದೆ. ಚಪ್ಪಾಳೆ ಕೂಡ ಬಿತ್ತು ಎಂದು ನೆನಪು. ಆ ಚಪ್ಪಾಳೆ ನೆನೆದರೆ ಈಗ ನಾಚಿಕೆಯಾಗುತ್ತದೆ. ಯಾಕೆಂದು ಮುಂದೆ ತಿಳಿಯುತ್ತದೆ.

ನಮ್ಮ ಲ್ಯಾಬಿಗೆ ‘ಕೈ ಮುಟ್ಟದ ದಾಖಲೆ’ ಎಂಬ ಹುಚ್ಚು ಹಿಡಿದದ್ದು ಎರಡು ವರ್ಷದ ಹಿಂದೆ. ಅಲ್ಲಿಯವರೆಗೆ ತಕ್ಕಡಿ ತೋರಿಸಿದ ಅಂಕಿಯನ್ನು ನಾವು ನೋಟ್‌ಬುಕ್ಕಿನಲ್ಲಿ ಕೈಯಿಂದಲೇ ಬರೆಯುತ್ತಿದ್ದೆವು. ಮ್ಯಾನೇಜರ್ ಸಾಹೇಬರು ಒಂದು ದಿನ ಎಲ್ಲರನ್ನೂ ಕರೆದು, ಕೈ ತಪ್ಪು ಬರೆಯಬಹುದು, ಕೈ ಸುಳ್ಳೂ ಬರೆಯಬಹುದು, ಇನ್ನು ಮೇಲೆ ಉಪಕರಣದಿಂದ ಅಂಕಿ ನೇರವಾಗಿ ಕಂಪ್ಯೂಟರಿಗೆ ಹೋಗಬೇಕು ಎಂದರು. ಈ ಜೋಡಣೆ ಯಾರು ಮಾಡುತ್ತೀರಿ ಎಂದು ಕೇಳಿದಾಗ ಎಲ್ಲರಿಗಿಂತ ಮೊದಲು ಮೇಲೆದ್ದ ಕೈ ನನ್ನದು. ನನಗೇನೂ ಬರುತ್ತಿರಲಿಲ್ಲ. ಆದರೆ ನನ್ನ ಹಣೆಬರಹ ನೋಡಿ, ಬರುವುದಿಲ್ಲ ಎಂದು ಹೇಳಲು ಹುಟ್ಟಿನಿಂದ ಯಾರೂ ನನ್ನನ್ನು ಬಿಟ್ಟಿಲ್ಲ. ಮನೆಯಲ್ಲಿ ಓದಿದವನು ನಾನೊಬ್ಬನೇ ಆದ್ದರಿಂದ ವಿದ್ಯುತ್ ಬಿಲ್ಲಿನಿಂದ ಹಿಡಿದು ಸಂಬಂಧಿಕರ ಎಕ್ಸ್‌ರೇವರೆಗೆ ಎಲ್ಲವನ್ನೂ ಬೆಳಕಿಗೆ ಹಿಡಿದು ‘ಹೂಂ’ ಎನ್ನುವ ರೂಢಿ ನನಗೆ.

ಕಲಿತೆ. ಮೂರು ತಿಂಗಳು ಫೋನಿನಲ್ಲಿ ವಿಡಿಯೋ ನೋಡಿ, ಬಸ್ಸಿನಲ್ಲಿ ನಿಂತುಕೊಂಡು ಓದಿ, ಎಷ್ಟೋ ಕೇಬಲ್ ತುದಿಗಳನ್ನು ಹಾಳು ಮಾಡಿ ಕಲಿತೆ. ಕೇಬಲ್ಲಿನ ಹೊಟ್ಟೆಯೊಳಗೆ ಎಂಟು ಬಣ್ಣದ ಎಳೆಗಳಿರುತ್ತವೆ, ಒಂದು ಎಳೆ ಹಿಂದೆಮುಂದೆಯಾದರೂ ಆಚೆ ಕಡೆ ದೀಪ ಹತ್ತುವುದಿಲ್ಲ. ಮೊದಲ ಸಲ ಹಸಿರು ದೀಪ ಮಿಣುಕಿದಾಗ ನಾನು ಮೇಜಿನ ಕೆಳಗೆ ಮಲಗಿಕೊಂಡಿದ್ದೆ. ಅಲ್ಲೇ ಮಲಗಿ ನಕ್ಕೆ. ಮನೆಗೆ ಬಂದು ಅವ್ವನಿಗೆ ತಿಳಿಸಿ ಹೇಳಿದೆ: ಓಣಿಯಲ್ಲಿ ಪ್ರತಿ ಮನೆಗೂ ಒಂದು ನಂಬರ್ ಇರುವ ಹಾಗೆ ಪ್ರತಿ ಯಂತ್ರಕ್ಕೂ ಒಂದು ನಂಬರ್, ಆ ನಂಬರು ಹಿಡಿದು ಸುದ್ದಿ ಬಂದು ಮುಟ್ಟುತ್ತದೆ.

“ಪೋಸ್ಟಿನವ ಇದ್ದಂಗ,” ಎಂದಳು ಅವ್ವ. “ಮತ್ತ ನಂಬರ್ ತಪ್ಪಿದ್ರ?”

“ತಪ್ಪಂಗಿಲ್ಲವ್ವಾ. ನಾ ಹಾಕೀನಿ.”

ನೋಡಿದಿರಾ ಮಾತಿನ ಧಿಮಾಕು!

ಒಂದೇ ಒಂದು ತೊಡಕಿತ್ತು. ತೂಗುವ ಕೋಣೆಯಲ್ಲಿ ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ತಕ್ಕಡಿಗಳು ಅಕ್ಕಪಕ್ಕದ ಕಲ್ಲಿನ ಮೇಜಿನ ಮೇಲೆ ಕೂತಿವೆ, ಅವಳಿ ಮಕ್ಕಳ ಹಾಗೆ. ಹಳೆಯವು. ನೆಟ್‌ವರ್ಕಿಗೆ ನೇರವಾಗಿ ಸೇರುವ ಯೋಗ್ಯತೆ ಅವಕ್ಕಿಲ್ಲ. ಅದಕ್ಕಾಗಿ ನಡುವೆ ಒಂದು ಡಬ್ಬಿ ಬೇಕು. ಡಬ್ಬಿಗೆ ನಾಲ್ಕು ತೂತು. ಒಂದನೇ ತಕ್ಕಡಿಯ ತಂತಿ ಒಂದನೇ ತೂತಿಗೆ, ಎರಡನೆಯದರದ್ದು ಎರಡನೇ ತೂತಿಗೆ, ಉಳಿದೆರಡಕ್ಕೆ ಬೇರೆ ಉಪಕರಣಗಳು. ಡಬ್ಬಿಯಿಂದ ನೀಲಿ ಕೇಬಲ್ ಹೊರಟು ಪಕ್ಕದ ಕೋಣೆಯ ಕಂಪ್ಯೂಟರಿಗೆ. ತೂಗುವವರು ಗುಳಿಗೆ ಇಟ್ಟು ಗುಂಡಿ ಒತ್ತಿದರೆ ಸಾಕು, ಅಂಕಿ ಹೋಗಿ ಪಟ್ಟಿಯಲ್ಲಿ ಕೂರುತ್ತದೆ. ಇಷ್ಟು ಮಾತ್ರ ನೆನಪಿಡಿ: ಈ ಹಳೆಯ ತಕ್ಕಡಿಗಳು ತಮ್ಮ ಹೆಸರು ಹೇಳುವುದಿಲ್ಲ, ಬರೀ ಅಂಕಿ ಕಳಿಸುತ್ತವೆ. ಒಂದನೇ ತೂತಿನಿಂದ ಬಂದದ್ದೆಲ್ಲ ಒಂದನೇ ತಕ್ಕಡಿಯದು ಎಂದು ಕಂಪ್ಯೂಟರು ಕಣ್ಣು ಮುಚ್ಚಿ ನಂಬುತ್ತದೆ.

“ತಂತಿಗಳಿಗೆ ಚೀಟಿ ಹಚ್ಚು,” ಎಂದಿದ್ದರು ಸಾಹೇಬರು. “ಬೇಕಾಗಿಲ್ಲ ಸರ್, ತಲೆಯಲ್ಲಿದೆ,” ಎಂದಿದ್ದೆ ನಾನು.

ಇನ್ನು ಶರಣಮ್ಮನ ಮಾತು. ನಮ್ಮ ಕಡೆಯವಳು, ಕಲಬುರಗಿ ಜಿಲ್ಲೆ. ನನಗಿಂತ ಹತ್ತು ವರ್ಷ ದೊಡ್ಡವಳು. ಲ್ಯಾಬಿಗೆ ಬಂದದ್ದು ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ. ತೊಳೆಯುತ್ತ ತೊಳೆಯುತ್ತ ಹೊರಗಿನಿಂದ ಪರೀಕ್ಷೆಗೆ ಕೂತು ಹನ್ನೆರಡನೆಯದನ್ನು ಪಾಸು ಮಾಡಿಕೊಂಡಳು. ಆಮೇಲೆ ತೂಗುವುದನ್ನು ಕಲಿತಳು. ತಕ್ಕಡಿಯ ಮುಂದೆ ಅವಳು ಕೂತಿದ್ದನ್ನು ನೀವು ನೋಡಬೇಕು. ಬಳೆಗಳನ್ನು ಮೊಳಕೈವರೆಗೆ ಸರಿಸಿ, ಉಸಿರನ್ನು ಪಕ್ಕಕ್ಕೆ ಬಿಟ್ಟು, ಚಿಮಟದಿಂದ ಗುಳಿಗೆಯನ್ನು ಎತ್ತಿ ತಟ್ಟೆಯ ನಟ್ಟನಡುವೆ ಇಟ್ಟರೆ ಅಂಕಿ ಒಂದೇ ಸಲಕ್ಕೆ ನಿಲ್ಲುತ್ತದೆ. ನಾನು ಇಟ್ಟರೆ ಕುಣಿಯುತ್ತದೆ. ಆ ವರ್ಷ ಅವಳನ್ನು ಕಾಯಂ ಮಾಡುವ ಮಾತಿತ್ತು. ಇಷ್ಟು ವರ್ಷ ಕಂತ್ರಾಟಿನಲ್ಲಿದ್ದವಳು ಕಾಯಂ ಆಗುವುದೆಂದರೆ ಏನೆಂದು ನಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಖಂಡೇನವಮಿ ಬಂತು. ಪುಣೆಯಲ್ಲಿ ಅಂದು ಲೇಥ್ ಮಶೀನಿನಿಂದ ರಿಕ್ಷಾದವರೆಗೆ ಎಲ್ಲದಕ್ಕೂ ಪೂಜೆ. ನಮ್ಮಲ್ಲೂ ಉಂಟು. ಆದರೆ ಲ್ಯಾಬ್ ನೋಡಿ, ಅರಿಸಿನ ಕುಂಕುಮದ ಪುಡಿ ಹಾರಿದರೆ ಗುಳಿಗೆಯಲ್ಲಿ ಏನೇನೋ ಕಾಣಿಸಿಕೊಂಡೀತು. ಆದ್ದರಿಂದ ತಕ್ಕಡಿಗಳಿಗೆ ಅವು ಇದ್ದಲ್ಲೇ ಹೂವು ಮಾತ್ರ, ಊದಿನಕಡ್ಡಿ ಕುಂಕುಮವೆಲ್ಲ ಹೊರಗಿನ ಪಡಸಾಲೆಯ ಮೇಜಿಗೆ. ಎತ್ತಿ ತರಬಹುದಾದ ಸಣ್ಣಪುಟ್ಟ ಸಾಮಾನು ಅಲ್ಲಿಗೆ ಬರುತ್ತವೆ. ಆ ವರ್ಷ ಹೊಸದಾಗಿ ಬಂದದ್ದು ಡಬ್ಬಿ. ಅದಕ್ಕೆ ಪೂಜೆ ಬೇಡವೇ? ನಾಲ್ಕೂ ತಂತಿ ಕಿತ್ತು, ಒರೆಸಿ, ನಾನೇ ಎತ್ತಿಕೊಂಡು ಬಂದೆ.

“ಬಂದ್ಲು ನೋಡ್ರಿ ಹೊಸಾ ಸೊಸಿ,” ಎಂದಳು ಶರಣಮ್ಮ. “ನಾಲ್ಕ್ ಬಾಯಿ ಅದಾವ, ಅತ್ತಿಗಿ ಸಾಕುಸಾಕು ಮಾಡ್ತಾಳ ಇಕಿ.” ಎಲ್ಲರೂ ನಕ್ಕರು. ಕುಂಕುಮ ಹಚ್ಚಿ, ಝೆಂಡು ಹೂವಿಟ್ಟು, ಕಾಯಿ ನಿವಾಳಿಸಿದವಳೂ ಅವಳೇ. ಪೇಢೆ ತಿಂದೆವು. ಮಾರನೆಯ ದಿನ ದಸರೆಯ ರಜೆ. ರಜೆ ಮುಗಿಸಿ ಬಂದು ಡಬ್ಬಿಯನ್ನು ಅದರ ಜಾಗದಲ್ಲಿಟ್ಟು ನಾಲ್ಕೂ ತಂತಿ ಚುಚ್ಚಿದೆ. ಹಸಿರು ದೀಪ ಹತ್ತಿದವು. ಕೈ ಝಾಡಿಸಿಕೊಂಡು ಚಹಾಕ್ಕೆ ಹೋದೆ.

ಇಲ್ಲಿ ನಮ್ಮಪ್ಪ ನೆನಪಾಗುತ್ತಾನೆ. ಗೌಂಡಿಯ ಕೈಕೆಳಗೆ ಕೆಲಸ ಮಾಡುತ್ತಿದ್ದವನು ಅವನು. ಎರಡು ಗೋಡೆ ಸಮಮಟ್ಟದಲ್ಲಿವೆಯೇ ಎಂದು ನೋಡಲು ಅವರ ಬಳಿ ನೀರು ತುಂಬಿದ ಉದ್ದನೆಯ ಪಾರದರ್ಶಕ ಪೈಪು ಇರುತ್ತದೆ. ಒಂದು ತುದಿ ಈ ಗೋಡೆಗೆ, ಇನ್ನೊಂದು ತುದಿ ಆ ಗೋಡೆಗೆ. ಎರಡೂ ಕಡೆ ನೀರು ನಿಂತಲ್ಲಿ ಗೆರೆ ಎಳೆದರೆ ಮಟ್ಟ ಸರಿ. ಶಾಲೆಗೆ ರಜೆ ಇದ್ದಾಗ ನಾನು ಅಲ್ಲೇ ಮರಳಿನ ಗುಡ್ಡೆಯ ಮೇಲೆ ಇರುತ್ತಿದ್ದೆ. ದಿನಾ ಬೆಳಿಗ್ಗೆ ಅಪ್ಪ ಕೆಲಸ ಶುರು ಮಾಡುವ ಮೊದಲು ಆ ಪೈಪಿನ ಎರಡೂ ತುದಿಗಳನ್ನು ಒಂದೇ ಕೈಯಲ್ಲಿ ಜೋಡಿಸಿ ಹಿಡಿದು ನೋಡುತ್ತಿದ್ದ. ನೀರು ಎರಡರಲ್ಲೂ ಒಂದೇ ಎತ್ತರಕ್ಕೆ ನಿಂತರೆ ಸರಿ, ನಿಲ್ಲದಿದ್ದರೆ ಒಳಗೆಲ್ಲೋ ಗಾಳಿಯ ಗುಳ್ಳೆ ಕೂತಿದೆ. ನಿನ್ನೆ ತಾನೇ ಸರಿಯಿತ್ತಲ್ಲ ಎಂದರೆ, “ನಿನ್ನಿದು ನಿನ್ನಿಗಿ ಆತು,” ಎನ್ನುತ್ತಿದ್ದ. ಹೆಬ್ಬೆಟ್ಟಿನ ಮನುಷ್ಯ. ಅವನು ದಿನಾ ಮಾಡುತ್ತಿದ್ದ ಅರ್ಧ ನಿಮಿಷದ ಕೆಲಸವನ್ನು ಅವನ ಬಿ.ಎಸ್ಸಿ. ಮಗ ಒಂದು ದಿನ ಮಾಡಲಿಲ್ಲ. ತಂತಿ ಚುಚ್ಚಿದವನು ಒಂದು ನಾಣ್ಯವನ್ನಾದರೂ ತಕ್ಕಡಿಯ ಮೇಲಿಟ್ಟು ಅಂಕಿ ಎಲ್ಲಿ ಹೋಗುತ್ತದೆಂದು ನೋಡಬೇಕಿತ್ತು. ದೀಪ ಹತ್ತಿತಲ್ಲ, ಅಷ್ಟೇ ಸಾಕಾಯಿತು ನನಗೆ.

ಒಂದು ವಾರ ಕಳೆಯಿತು. ಹೊಸ ಪದ್ಧತಿ ಪಳಗುವವರೆಗೆ ಕೈಬರಹದ ನೋಟ್‌ಬುಕ್ ಮತ್ತು ಕಂಪ್ಯೂಟರ್ ಎರಡೂ ಇರಲಿ, ಆಗಾಗ ತಾಳೆ ನೋಡೋಣ ಎಂದು ಸಾಹೇಬರು ನಿಯಮ ಮಾಡಿದ್ದರು. ತಾಳೆ ನೋಡಲು ಅವರ ಕೈಗೆ ಸಿಕ್ಕಿದ್ದು ಶರಣಮ್ಮನ ನೋಟ್‌ಬುಕ್. ಒಂದನೇ ತಕ್ಕಡಿಯಲ್ಲಿ ಇಪ್ಪತ್ತು ಗುಳಿಗೆಗಳನ್ನು ಒಂದೊಂದಾಗಿ ತೂಗಿ ಇಪ್ಪತ್ತು ಅಂಕಿ ಬರೆದಿದ್ದಳು. ಕಂಪ್ಯೂಟರಿನಲ್ಲಿ ಒಂದನೇ ತಕ್ಕಡಿಯ ಪಟ್ಟಿ ತೆರೆದರೆ ಆ ಹೊತ್ತಿನಲ್ಲಿ ಮೂರೇ ಮೂರು ಅಂಕಿ. ಅವೂ ಗುಳಿಗೆಯ ತೂಕದವಲ್ಲ.

ಔಷಧದ ಲ್ಯಾಬಿನಲ್ಲಿ ಇದಕ್ಕಿಂತ ದೊಡ್ಡ ಕಳ್ಳತನ ಇಲ್ಲ. ತೂಗದೇ ಕೂತಲ್ಲೇ ಅಂಕಿ ಹುಟ್ಟಿಸುವುದು. ಸಾಹೇಬರು ಅವಳನ್ನೂ ನನ್ನನ್ನೂ ತಮ್ಮ ಕೋಣೆಗೆ ಕರೆಸಿದರು. ಅವಳ ಇಪ್ಪತ್ತು ಅಂಕಿಗಳ ಪಕ್ಕದಲ್ಲಿ ಕೆಂಪು ಶಾಯಿಯಿಂದ, ‘ತೂಗದೆ ಬರೆದದ್ದು’ ಎಂದು ಇಂಗ್ಲಿಷಿನಲ್ಲಿ ಬರೆದರು. ಅಂಥ ಷರಾದ ಕೆಳಗೆ ಎರಡನೆಯವರ ಸಹಿ ಬೇಕು. ನನ್ನ ಕಡೆ ತಿರುಗಿ, “ಸಿಸ್ಟೀಮ್ ಬಘಿತಲೀಸ್?” ಎಂದು ಕೇಳಿದರು. ನೋಡಿದೆಯಾ?

“ಹೋ ಸರ್,” ಎಂದೆ. ನೋಡಿದ್ದೆ. ಒಂದನೇ ಪಟ್ಟಿಯನ್ನು ಮಾತ್ರ.

ಶರಣಮ್ಮ ಸಾಹೇಬರ ಕಡೆ ನೋಡಲಿಲ್ಲ. ನನ್ನ ಕಡೆಗೇ ತಿರುಗಿದಳು. “ತಮ್ಮಾ, ನೀ ನನ್ನ ಬಾಜೂಕೇ ಓಡಾಡ್ತಿ. ನಾ ತೂಗೂದು ನೋಡಿಲ್ಲೇನು? ಇಪ್ಪತ್ತೂ ಒಂದೊಂದಾ ಇಟ್ಟೀನಿ. ಇಪ್ಪತ್ತ್ ಸಲ ಗುಂಡಿ ಒತ್ತೀನಿ.”

“ಸಿಸ್ಟಮ್‌ನ್ಯಾಗ ಇಲ್ಲಕ್ಕಾ.”

“ಸಿಸ್ಟಮ್ ನೀ ಮಾಡಿದ್ದಲ್ಲೇನ?”

“ಅದಕ್ಕ ಹೇಳ್ಲಕತ್ತೀನಿ. ಅದು ಸುಳ್ಳ ಹೇಳಂಗಿಲ್ಲ.”

“ಹಂಗಾರ ಸುಳ್ಳ ನಾ ಹೇಳ್ಲಕತ್ತೀನಿ. ಹೌದಿಲ್ಲೋ?”

ನಾನು ಪೆನ್ನು ತೆಗೆದು ಕೆಂಪು ಸಾಲಿನ ಕೆಳಗೆ, ಕಂಪ್ಯೂಟರ್ ದಾಖಲೆ ಪರಿಶೀಲಿಸಲಾಗಿದೆ ಎಂದು ಬರೆದು ಸಹಿ ಹಾಕಿದೆ. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರು ಎಂದು ಅವಳಿಗೆ ಹೇಳಿದರು. ಅವಳು ಏಪ್ರನ್ ಬಿಚ್ಚಿ, ಮಡಿಸಿ, ಮೊಳೆಗೆ ಹಾಕದೆ ಮೇಜಿನ ಮೇಲಿಟ್ಟು ಹೋದಳು. ಪಡಸಾಲೆಯಲ್ಲಿ ನಿಂತವರೆಲ್ಲ ನೋಡಿದರು. ಕ್ಯಾಂಟೀನಿನಲ್ಲಿ ಸಂಜೆಯೊಳಗೆ ಸುದ್ದಿ: ಭಾಂಡೆ ತೊಳೆಯುವವಳನ್ನು ತಕ್ಕಡಿಯ ಮುಂದೆ ಕೂರಿಸಿದರೆ ಇನ್ನೇನಾಗುತ್ತದೆ?

ನನಗೆ ಈಗಲೂ ಮೈ ಉರಿಯುವುದು ಎಲ್ಲಿ ಗೊತ್ತೇ? ಎರಡನೇ ತಕ್ಕಡಿಯ ಮುಂದೆ ಅವತ್ತು ಕೂತಿದ್ದವನು ಪ್ರಶಾಂತ, ನಮ್ಮ ಎಂ.ಎಸ್ಸಿ. ಹುಡುಗ. ಅವನು ಆ ಹೊತ್ತಿನಲ್ಲಿ ಮೂರು ಸಲ ತೂಗಿ ತನ್ನ ನೋಟ್‌ಬುಕ್ಕಿನಲ್ಲಿ ಮೂರು ಅಂಕಿ ಬರೆದಿದ್ದ. ಅದನ್ನು ಯಾರಾದರೂ ತೆರೆದಿದ್ದರೆ ಆ ಮೂರು ಅಂಕಿ ಅಲ್ಲೇ ಕೂತು ಕಣ್ಣು ಮಿಟುಕಿಸುತ್ತಿದ್ದವು. ಎಂ.ಎಸ್ಸಿ. ಓದಿದವನ ಪುಸ್ತಕ ತೆರೆಯಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಸಾಹೇಬರಿಗೆ ಹೊಳೆಯಲಿಲ್ಲ, ಸರಿ, ಅವರು ಸಾಹೇಬರು. ಸಿಮೆಂಟಿನ ಚೀಲದ ಮೇಲೆ ಅಕ್ಷರ ಕಲಿತ ನನಗೂ ಹೊಳೆಯಲಿಲ್ಲ. ರೇಷನ್ ಅಂಗಡಿಯ ಮುಂದೆ ಭಾಷಣ ಮಾಡಿದವನು ಅದೇ ಅಂಗಡಿಯವನ ಸ್ಟೂಲಿನ ಮೇಲೆ ಕೂತು, ತಲೆ ಎತ್ತದೆ, ಅದೇ ಮಾತು ಹೇಳಿದ್ದೆ. ಯಂತ್ರ ಇಲ್ಲ ಅನ್ನುತ್ತಿದೆ.

ಮೂರನೆಯ ದಿನ ಅವಳ ಕೆಲಸ ನನ್ನ ತಲೆಗೆ ಬಂತು. ಒಂದನೇ ತಕ್ಕಡಿಯ ಮುಂದೆ ಕೂತು ಗುಳಿಗೆ ಇಟ್ಟು ಗುಂಡಿ ಒತ್ತಿ, ಸುಮ್ಮನೆ ಎದ್ದು ಪಕ್ಕದ ಕೋಣೆಗೆ ಹೋಗಿ ಪರದೆ ನೋಡಿದೆ. ಒಂದನೇ ಪಟ್ಟಿಯಲ್ಲಿ ಏನೂ ಇಲ್ಲ. ತಂತಿ ಸಡಿಲಾಗಿದೆ ಎಂದುಕೊಂಡು ಬೈದೆ. ಮತ್ತೆ ಹೋಗಿ ಒತ್ತಿದೆ, ಮತ್ತೆ ಬಂದೆ. ಆಗ ಕಂಡಿತು. ಎರಡನೇ ಪಟ್ಟಿಯಲ್ಲಿ ಎರಡು ಹೊಸ ಅಂಕಿ. ಗಾಜಿನ ಆಚೆ ಎರಡನೇ ತಕ್ಕಡಿಯ ಮುಂದೆ ಯಾರೂ ಇರಲಿಲ್ಲ, ಪ್ರಶಾಂತ ಚಹಾಕ್ಕೆ ಹೋಗಿದ್ದ.

ಕಿಸೆಯಲ್ಲಿದ್ದ ಐದು ರೂಪಾಯಿಯ ನಾಣ್ಯ ತೆಗೆದು ಎರಡನೇ ತಕ್ಕಡಿಯ ಮೇಲಿಟ್ಟು ಒತ್ತಿದೆ. ಹೋಗಿ ನೋಡಿದರೆ ಅದು ಒಂದನೇ ಪಟ್ಟಿಯಲ್ಲಿ ಕೂತಿತ್ತು. ಒಂದನೇ ತಂತಿ ಎರಡನೇ ತೂತಿನಲ್ಲಿ, ಎರಡನೆಯದು ಒಂದನೆಯದರಲ್ಲಿ. ಚುಚ್ಚಿದ್ದು ಈ ಕೈ.

ಬೆಳಿಗ್ಗೆ ದಿನಾ ಎರಡೂ ತಕ್ಕಡಿಯ ಮೇಲೆ ಒಂದೇ ತೂಕದ ಬಟ್ಟಿಟ್ಟು ಪರೀಕ್ಷಿಸುತ್ತಿದ್ದೆವಲ್ಲ, ಎರಡೂ ಒಂದೇ ಅಂಕಿ ಕಳಿಸುತ್ತಿದ್ದವು, ಯಾರಿಗೂ ಸಂಶಯ ಬರಲಿಲ್ಲ. ನಾನು ಹಿಂದಿನ ವಾರದ ಎರಡನೇ ಪಟ್ಟಿ ತೆರೆದೆ. ಶರಣಮ್ಮನ ನೋಟ್‌ಬುಕ್ ತಂದು ಪಕ್ಕದಲ್ಲಿಟ್ಟುಕೊಂಡೆ. ಬೆರಳಿಟ್ಟು ಓದುತ್ತ ಹೋದೆ. ಒಂದು, ಎರಡು, ಮೂರು. ಇಪ್ಪತ್ತೂ ಇದ್ದವು. ಕೊನೆಯ ದಶಾಂಶದವರೆಗೆ ಒಂದು ಅಂಕಿಯೂ ಆಚೀಚೆ ಇರಲಿಲ್ಲ. ಹನ್ನೊಂದನೆಯದರಲ್ಲಿ ಏಳು ಬರೆದು, ಒಂದೇ ಗೆರೆ ಹೊಡೆದು, ಒಂಬತ್ತು ಮಾಡಿ ಸಣ್ಣದಾಗಿ ಸಹಿ ಹಾಕಿದ್ದಳು. ಪಟ್ಟಿಯಲ್ಲಿ ಒಂಬತ್ತೇ ಇತ್ತು. ಕೂತಲ್ಲೇ ಹುಟ್ಟಿಸುವವಳು ಏಳನ್ನು ಒಂಬತ್ತು ಯಾಕೆ ಮಾಡುತ್ತಾಳೆ, ಹೇಳಿ! ಅದು ಕೆಂಪು ಸಾಲಿನ ಪಕ್ಕದಲ್ಲೇ ಇತ್ತು. ಸಹಿ ಹಾಕುವಾಗ ನನ್ನ ಅಂಗೈ ಅದರ ಮೇಲೆಯೇ ಊರಿತ್ತು.

ಸಾಹೇಬರ ಬಳಿ ಓಡಿದೆ. ಅವರು ಪೂರ್ತಿ ಕೇಳಿದರು. ಕೆಟ್ಟ ಮನುಷ್ಯರಲ್ಲ, ಅದನ್ನೂ ಹೇಳಬೇಕು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ, “ತಂತಿ ಬದಲಿಸು. ಸೋಮವಾರ ಅವಳನ್ನು ಬರಹೇಳು,” ಎಂದರು.

“ನಾನು ಇದನ್ನು ಬರೆದು ಕೊಡುತ್ತೇನೆ ಸರ್.”

“ಲಿಹಾಯ್ಚಂ ಕಶಾಲಾ, ಸಿದ್ದಪ್ಪ?” ಬರೆಯುವುದು ಯಾತಕ್ಕೆ? ತಪಾಸಣೆಯವರು ಬಂದರೆ ಇಡೀ ಜೋಡಣೆಯ ಮೇಲೆ ಸಂಶಯ ಬರುತ್ತದೆ, ನಿನ್ನ ಹೆಸರೇ ಕೆಡುತ್ತದೆ, ಅವಳು ಹೇಗೂ ಬರುತ್ತಾಳಲ್ಲ, ಮುಗೀತು.

ಹೇಡಿಗೆ ಇದಕ್ಕಿಂತ ಮೆತ್ತನೆಯ ಹಾಸಿಗೆ ಎಲ್ಲಿ ಸಿಕ್ಕೀತು? ನಾನು ತಲೆಯಾಡಿಸಿ ಬಂದೆ. ರವಿವಾರ ಅವಳ ಮನೆಗೆ ಹೊರಟೆ. ಕಾತ್ರಜ್ ಚೌಕದಲ್ಲಿ ಅರ್ಧ ಗಂಟೆ ಗಾಡಿಗಳ ನಡುವೆ ನಿಂತು ಬೆವತೆ. ಸಂತೋಷದ ಸುದ್ದಿ ಒಯ್ಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಹಡಪಸರದ ಕಾಲುವೆಯ ದಂಡೆಗೆ ಅವಳ ಎರಡು ಕೋಣೆ. ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಎದ್ದು ಒಳಗೆ ಹೋಗಿ ಚಹಾಕ್ಕಿಟ್ಟಳು.

“ಚಹಾ ಬ್ಯಾಡಕ್ಕಾ,” ಎಂದೆ.

“ಸಿಟ್ಟ ಬ್ಯಾರೆ, ಚಹಾ ಬ್ಯಾರೆ. ಕುಡಿ.”

ಕುಡಿಯುತ್ತ ಎಲ್ಲ ಹೇಳಿದೆ. ಡಬ್ಬಿ, ತೂತು, ನಾಣ್ಯ, ಇಪ್ಪತ್ತು ಅಂಕಿ. ಅವಳು ಮೊರ ಅಲ್ಲಾಡಿಸುವುದನ್ನು ನಿಲ್ಲಿಸಲಿಲ್ಲ. ಸೋಮವಾರ ಬರಬೇಕಂತೆ ಎಂದಾಗ ಮಾತ್ರ ಮೊರ ನಿಂತಿತು.

“ಬಂದು?”

“ಬಂದು… ಕೆಲಸ ಮಾಡೂದು. ಮೊದಲಿನಂಗ.”

“ಆ ಕೆಂಪಂದು ಏನಾತು?”

“ಅದು ಅಲ್ಲೇ ಅದ.”

“ನಿನ್ನ ಸಹಿ?”

ನಾನು ಲೋಟದ ತಳ ನೋಡಿದೆ.

“ತಮ್ಮಾ, ನಾ ಸೋಮವಾರ ಬಂದ್ರ ಮಂದಿ ಏನಂತಾರ ಗೊತ್ತದೇನು? ಪಾಪ, ಬಡವಿ ಅಂತ ಸಾಹೇಬ ಮಾಫ್ ಮಾಡ್ಯಾನ ಅಂತಾರ. ನಾ ಯಾರ ಕಡೆ ಮಾಫಿ ಕೇಳೀನಿ?” ಅವಳ ದನಿ ಏರಲಿಲ್ಲ. ಏರಿದ್ದರೆ ನನಗೆ ಹಗುರಾಗುತ್ತಿತ್ತು. “ನಾಳಿಗಿ ಕಾಯಂ ಮಾಡೂ ಟೈಮಿಗಿ ಬ್ಯಾರೆ ಸಾಹೇಬ ಬರ್ತಾನ. ಪುಸ್ತಕಾ ತೆಗೀತಾನ. ಕೆಂಪಂದೇ ಓದ್ತಾನ. ನೀನಾ ಅಲ್ಲಿ ಇರ್ತಿ, ಹೇಳ್ಲಾಕ?”

ಎದ್ದು ಬರುವಾಗ ಅವಳು, “ಲೋಟ ಅಲ್ಲೇ ಇಡು, ನಾ ತೊಳೀತೀನಿ. ಅದರಾಗೇನ್ ತಪ್ಪಂಗಿಲ್ಲ ನಂದು,” ಎಂದಳು. ಆ ಮಾತು ನನಗೆ ಮನೆ ಮುಟ್ಟುವವರೆಗೆ ಚುಚ್ಚಿತು. ಮನೆ ಮುಟ್ಟಿದ ಮೇಲೂ.

ಸೋಮವಾರ ಸಾಹೇಬರು ಬರುವ ಮೊದಲೇ ನಾನು ಲ್ಯಾಬಿನಲ್ಲಿದ್ದೆ. ತಪ್ಪುಗಳನ್ನು ದಾಖಲಿಸಲು ನಮ್ಮಲ್ಲೊಂದು ರಿಜಿಸ್ಟರ್ ಇದೆ. ಅದರ ಪುಟಗಳಿಗೆ ಮುದ್ರಿಸಿದ ನಂಬರುಗಳಿವೆ, ಹರಿದರೆ ಗೊತ್ತಾಗುತ್ತದೆ. ಅದರಲ್ಲಿ ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಬರೆದೆ. ತಂತಿಗಳನ್ನು ಅದಲುಬದಲು ಚುಚ್ಚಿದವನು ನಾನು. ಚೀಟಿ ಹಚ್ಚದವನು ನಾನು. ಪರೀಕ್ಷಿಸದವನು ನಾನು. ಇಪ್ಪತ್ತೂ ಅಂಕಿಗಳು ಸರಿ ಇವೆ, ಸರಿಯಾಗಿ ತೂಗಿ ಬರೆದವಳು ಶರಣಮ್ಮ. ‘ತಾಂತ್ರಿಕ ದೋಷ’ ಎಂಬ ಮಾತನ್ನು ಎಲ್ಲೂ ಬರೆಯಲಿಲ್ಲ. ಎಲ್ಲ ಕಚೇರಿಗಳಲ್ಲೂ ಆ ಮಾತಿನ ಹಿಂದೆ ಒಬ್ಬ ಮನುಷ್ಯ ಅಡಗಿ ಕೂತಿರುತ್ತಾನೆ. ಇಲ್ಲಿ ಅಡಗಿದ್ದವನು ನಾನು. ಹೊರಗೆ ಬಂದೆ.

ಸಾಹೇಬರು ಓದಿದರು. ಮುಖ ಕೆಂಪಾಯಿತು. ಇನ್ನು ಮೇಲೆ ಜೋಡಣೆಯ ಕೆಲಸ ಹೊರಗಿನವರಿಗೆ ಕೊಡುತ್ತೇನೆ, ನೀನು ಡಬ್ಬಿ ಮುಟ್ಟಬೇಡ ಎಂದರು. ಮೂರು ತಿಂಗಳು ಬಸ್ಸಿನಲ್ಲಿ ನಿಂತು ಕಲಿತದ್ದು ಅಷ್ಟಕ್ಕೆ ಮುಗಿಯಿತು. ನಾನು ‘ಹೋ ಸರ್’ ಎಂದೆ.

ಅಷ್ಟರಲ್ಲಿ ಶರಣಮ್ಮ ಬಂದಳು. ಏಪ್ರನ್ ಹಾಕಿಕೊಳ್ಳಲಿಲ್ಲ. ನೇರವಾಗಿ ಸಾಹೇಬರ ಕೋಣೆಗೆ ಬಂದು, ಕಪಾಟಿನಿಂದ ತನ್ನ ನೋಟ್‌ಬುಕ್ ತೆಗೆದು, ಆ ಪುಟ ಬಿಡಿಸಿ ಅವರ ಮುಂದಿಟ್ಟಳು. ಅದರ ಮೇಲೊಂದು ಪೆನ್ನು ಇಟ್ಟಳು. ಲ್ಯಾಬಿನ ನಿಯಮ ಹೀಗಿದೆ: ಬರೆದದ್ದನ್ನು ಅಳಿಸುವಂತಿಲ್ಲ, ಮೇಲೆ ಬಿಳಿ ಬಳಿಯುವಂತಿಲ್ಲ. ತಪ್ಪಾಗಿದ್ದರೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಸಹಿ, ತಾರೀಖು. ಹೊಡೆಯಬೇಕಾದವರು ಬರೆದವರೇ.

“ಸಾಹೇಬ, ಹೇ ತುಮಚಂ ಅಕ್ಷರ,” ಎಂದಳು. ಇದು ನಿಮ್ಮ ಅಕ್ಷರ.

ಸಾಹೇಬರು ರಿಜಿಸ್ಟರಿನಲ್ಲಿ ಬರೆದಾಗಿದೆಯಲ್ಲ, ಸಾಕಲ್ಲ ಎಂದರು. ಅವಳು ನಿಂತಲ್ಲಿಂದ ಕದಲಲಿಲ್ಲ. ಕೂರಲೂ ಇಲ್ಲ. ಬಾಗಿಲು ತೆರೆದೇ ಇತ್ತು, ಪಡಸಾಲೆಯಲ್ಲಿ ಪ್ರಶಾಂತ, ಇನ್ನಿಬ್ಬರು ಸುಮ್ಮನೆ ಏನೋ ಹುಡುಕುವವರ ಹಾಗೆ ನಿಂತಿದ್ದರು. ತೂಗಬೇಕಾದ ಗುಳಿಗೆಗಳ ಪೆಟ್ಟಿಗೆಗಳು ಮೇಜಿನ ಮೇಲೆ ಸಾಲಾಗಿದ್ದವು. ಗಡಿಯಾರ ಹತ್ತು ದಾಟಿತು. ಕೊನೆಗೆ ಸಾಹೇಬರು ಪೆನ್ನು ಎತ್ತಿಕೊಂಡು ಕೆಂಪು ಸಾಲಿನ ಮೇಲೆ ಗೆರೆ ಎಳೆದು ಸಹಿ ಹಾಕಿದರು.

“ತಾರೀಖ, ಸಾಹೇಬ.”

ತಾರೀಖೂ ಬರೆದರು. ಅವಳು ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿದಳು.

ನನ್ನ ಸಾಲು ಅಲ್ಲಿತ್ತು. ಪರಿಶೀಲಿಸಲಾಗಿದೆ. ಗುಂಡಗೆ, ಚೆಂದಗೆ, ಕಷ್ಟಪಟ್ಟು ತಿದ್ದಿ ತಿದ್ದಿ ಕಲಿತ ಅಕ್ಷರ. ಅದನ್ನು ನೋಡುತ್ತಲೇ ನನಗೆ ನನ್ನ ಮೇಲೆ ಎಂಥ ಸಿಟ್ಟು ಉಕ್ಕಿತೆಂದರೆ, ಪೆನ್ನನ್ನು ಒತ್ತಿ ಹಿಡಿದು ಗೆರೆ ಹೊಡೆದೆ, ಅದರ ಮೇಲೆ ಇನ್ನೊಂದು ಹೊಡೆದೆ, ಮೂರನೆಯದಕ್ಕೆ ಕೈ ಹೋಗುತ್ತಿತ್ತು. ಒಂದಕ್ಷರವೂ ಕಾಣದ ಹಾಗೆ ಗೀಚಿಬಿಡಬೇಕು ಎನಿಸಿತ್ತು.

ಶರಣಮ್ಮ ನನ್ನ ಮಣಿಕಟ್ಟು ಹಿಡಿದಳು.

“ಒಂದ ಗೆರಿ, ತಮ್ಮಾ,” ಎಂದಳು. “ಕೆಳಗಿಂದು ಓದ್ಲಾಕ ಬರಬೇಕು.”